ಟ್ರೌಟ್ ಮನೆಯ ಬದನೆಕಾಯಿ

"ಮೇಡಂ! ಮನೇಲಿ ಬರ್ಫ್ ಇದ್ಯಾ? ಎಷ್ಟಿದ್ರೂ ಕೊಡಿ... ಜಲ್ದಿ!"

ಮೇ ತಿಂಗಳ ನಾಗಪುರ. ಮಟಮಟ ಮಧ್ಯಾಹ್ನ. ಬೀದಿನಾಯಿಯೂ ನೆರಳು ಬಿಟ್ಟು ಕದಲದ ಹೊತ್ತು.

ಮೌದಾದ ವಿದ್ಯುತ್ ಸ್ಥಾವರದಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ್ದ ನೀಲಾಂಬಿಕಾ, ಕರೆಂಟು ಹೋಗಿ ಕೂಲರ್ ನಿಂತ ಸಿಟ್ಟಿನಲ್ಲೇ ಬಾಗಿಲು ತೆರೆದಳು. ಎದುರಿಗೆ ನಿಂತಿದ್ದವನು ತಲೆಯಿಂದ ಕಾಲಿನವರೆಗೆ ತೊಯ್ದು ತೊಪ್ಪೆಯಾಗಿದ್ದ. ಕೈಯಲ್ಲಿ ಖಾಲಿ ಬಕೆಟ್ಟು. ಇವನು ಕೆಳಗಿನ ಮನೆಯ ಪ್ರೇಮಾ ಆಂಟಿಯ ಮಗ, ಹಯವದನ. ಆ ಮನೆಯ ಮಹಡಿಗೆ ಅವಳು ಬಾಡಿಗೆಗೆ ಬಂದು ಇನ್ನೂ ಒಂದು ವಾರವೂ ಆಗಿರಲಿಲ್ಲ.

"ಯಾರಿಗೇನಾತ್ರಿ? ಯಾರರ ಬಿಸಿಲಿಗೆ ತಲಿ ಸುತ್ತಿ ಬಿದ್ರೇನು?"

"ಇಲ್ಲ ಮೇಡಂ, ನನ್ನ ಟ್ರೌಟ್ ಸತ್ತೋಗ್ತವೆ!"

"ಏನು ಸಾಯ್ತಾವು?"

"ಟ್ರೌಟ್... ಮೀನು. ಹಿಮಾಚಲದ ಹೊಳೇಲಿ ಇರುತ್ತಲ್ಲ, ತಣ್ಣೀರಿನ ಮೀನು. ಹಿತ್ತಿಲಲ್ಲಿ ಸಾಕಿದ್ದೀನಿ. ನೀರು ಬಿಸಿ ಆಯ್ತು ಅಂದ್ರೆ ಕತೆ ಖತಂ!"

ನೀಲಾಂಬಿಕಾ ಅವನನ್ನೇ ದಿಟ್ಟಿಸಿದಳು. ಕೊಡದಲ್ಲಿಟ್ಟ ನೀರೂ ಕುದಿಯುವ ಊರಿನಲ್ಲಿ ತಣ್ಣೀರಿನ ಮೀನು ಸಾಕುವವನನ್ನು ಏನೆಂದು ಕರೆಯಬೇಕು? ಹುಬ್ಬಳ್ಳಿ ಕನ್ನಡದಲ್ಲಿ ಬೈಗುಳಕ್ಕೆ ಬರವಿಲ್ಲ. ಅವಳಿಗೆ ಒಮ್ಮೆಗೇ ಮೂರ್ನಾಲ್ಕು ಹೊಳೆದವು. ಮೊದಲ ಭೇಟಿ ಎಂದು ನುಂಗಿಕೊಂಡಳು.

ಫ್ರಿಜ್ಜಿನಲ್ಲಿದ್ದ ಮಂಜುಗಡ್ಡೆಯನ್ನೆಲ್ಲ ತನ್ನ ದೊಡ್ಡ ಸ್ಟೀಲ್ ಡಬ್ಬಿಗೆ ಸುರಿದುಕೊಂಡು ಅವನ ಹಿಂದೆಯೇ ಇಳಿದಳು. ಸಹಾಯ ಮಾಡಬೇಕೆಂದಲ್ಲ... ಇಷ್ಟು ದೊಡ್ಡ ಮೂರ್ಖತನ ನೋಡಲು ಹೇಗಿರುತ್ತದೆ ಎಂಬ ಕುತೂಹಲಕ್ಕೆ!

ಹಿತ್ತಿಲಿನಲ್ಲಿ ಲಾವಂಚದ ತಟ್ಟಿ ಕಟ್ಟಿದ ಒಂದು ಶೆಡ್ಡು. ಒಳಗೆ ಎದೆಯೆತ್ತರದ ತೊಟ್ಟಿ, ಪಕ್ಕದಲ್ಲಿ ಯಾವುದೋ ಡೈರಿಯ ಗುಜರಿಯಿಂದ ತಂದ ಹಾಲು ತಣಿಸುವ ಯಂತ್ರ. ಹೊರಗೆ ನೀಲಿ ತಾಡಪಾಲಿನ ನೆರಳಿನಲ್ಲಿ ಸಾಲಾಗಿ ಜಲ್ಲಿಕಲ್ಲು ತುಂಬಿದ ಮಡಿಗಳು. ಅವುಗಳಲ್ಲಿ ಪಾಲಕ್, ಮೆಂತ್ಯ, ಟೊಮ್ಯಾಟೊ, ಎಲೆಕೋಸಿನ ತಂಗಿಯಂಥ ಲೆಟ್ಯೂಸು. ಮೀನಿಗಿಂತ ಯಂತ್ರ ದೊಡ್ಡದು, ಕರೆಂಟಿದ್ದಾಗ ಯಂತ್ರಕ್ಕಿಂತ ಅದರ ಸದ್ದು ದೊಡ್ಡದು. ಮೂಗಿಗಿಂತ ಮೂಗುತಿ ಭಾರ ಎನ್ನುವುದನ್ನು ಕಣ್ಣಾರೆ ಕಂಡಳು.

ಅಷ್ಟರಲ್ಲಿ ಹಯವದನ ಡಬ್ಬಿಯ ಮಂಜುಗಡ್ಡೆಯನ್ನು ನೇರ ತೊಟ್ಟಿಗೇ ಸುರಿಯಲು ಹೊರಟ.

"ಏ ನಿಲ್ರಿ! ತಲಿ ಐತೇನ್ರಿ ನಿಮಗ? ಅದು ನಳದ ನೀರಿನ ಬರ್ಫ. ಕ್ಲೋರಿನ್ ಇರತೈತಿ. ಬಿಸಿಲಿಗೆ ಸಾಯೋವು ವಿಷಕ್ಕ ಸಾಯ್ತಾವು, ಅಷ್ಟ!"

ಅವನ ಕೈ ಅಲ್ಲೇ ನಿಂತಿತು. "ಮತ್ತೆ...?"

"ಮುಚ್ಚಳ ಹಾಕಿ ಡಬ್ಬಿ ತೇಲಿಬಿಡ್ರಿ. ಮನಿಯಾಗಿನ ಕುಕ್ಕರು, ಟಿಫಿನ್ನು ಎಲ್ಲಾ ತರ್ರಿ."

ತೊಟ್ಟಿಯ ತುಂಬ ಅಡುಗೆಮನೆ ತೇಲಿತು. ಕುಕ್ಕರುಗಳ ನಡುವೆ ಮೈಮೇಲೆ ಚುಕ್ಕಿ, ಪಕ್ಕೆಗೊಂದು ಗುಲಾಬಿ ಗೆರೆ ಹೊತ್ತ ಮೀನುಗಳು ಮೂತಿ ಎತ್ತಿ ಎತ್ತಿ ಉಸಿರಾಡುತ್ತಿದ್ದವು. ಇಬ್ಬರೂ ಒಂದೇ ಡಬ್ಬಿಯನ್ನು ಒತ್ತಿಹಿಡಿದಾಗ ನೀರಿನೊಳಗೆ ಕೈಗೆ ಕೈ ತಾಗಿತು.

ನಾಗಪುರದ ಮೇ ತಿಂಗಳಿನಲ್ಲಿ ಅಷ್ಟು ತಣ್ಣಗಿನ ಕೈ! ಅವಳ ಎದೆ ಸುಮ್ಮನೆ ಒಮ್ಮೆ ಹಾರಿತು... ತಣ್ಣೀರಿಗೆ ಹಾಗಾಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು.

ಕರೆಂಟು ಬಂದು ಯಂತ್ರ ಗುರ್ರೆಂದಿತು. ಅವನು ನಿಟ್ಟುಸಿರು ಬಿಟ್ಟು, ತನ್ನ ಸಾಹಸವನ್ನು ವಿವರಿಸತೊಡಗಿದ. ಅವನಿಗೆ ಅಜನಿಯ ರೈಲ್ವೆಯಲ್ಲಿ ಎಸಿ ಬೋಗಿಗಳನ್ನು ರಿಪೇರಿ ಮಾಡುವ ಕೆಲಸ. ತಣಿಸುವುದೆಂದರೆ ಪ್ರಾಣ. ಮೀನಿನ ಹೊಲಸು ನೀರು ಪಂಪಿನಿಂದ ಜಲ್ಲಿಯ ಮಡಿಗೆ ಏರುತ್ತದೆ, ಗಿಡಗಳು ಆ ಹೊಲಸನ್ನೇ ಗೊಬ್ಬರವಾಗಿ ಹೀರುತ್ತವೆ, ತಿಳಿಯಾದ ನೀರು ಕೊಳವೆಯಲ್ಲಿ ಮತ್ತೆ ತೊಟ್ಟಿಗೆ ಇಳಿಯುತ್ತದೆ...

"ಅಂದ್ರ ಮೀನಿನ ಹೇಲಿನ್ಯಾಗ ಪಾಲಕ್ ಬೆಳಿತೀರಿ."

"ಹಾಗೆ ಹೇಳ್ಬೇಡಿ ಮೇಡಂ..."

"ಮೀನು ತಿಂತೀರೇನು?"

"ಛೆ! ನಾವು ಮಾಧ್ವರು."

"ಮಾರತೀರಿ?"

"ಇಲ್ಲಪ್ಪ. ಪಾಪ."

"ತಿನ್ನಂಗಿಲ್ಲ, ಮಾರಂಗಿಲ್ಲ. ಮತ್ಯಾಕ್ರಿ ಈ ದೊಂಬರಾಟ?"

ಹಯವದನ ಕತ್ತು ಕೆರೆದುಕೊಂಡ. "ನಾಗಪುರದಲ್ಲಿ ಟ್ರೌಟ್ ಬದುಕೋದೇ ಇಲ್ಲ ಅಂತ ಎಲ್ರೂ ಅಂದ್ರು. ಅದಕ್ಕೇ."

ಇವನ ಜಂಬ ನೋಡಪ್ಪಾ! ನೀಲಾಂಬಿಕಾ ಮೂಗು ಮುರಿದಳು. "ಬದನಿಕಾಯಿ ಇಲ್ಲದ್ದು ಎಂಥಾ ತ್ವಾಟಾನೋ! ಈ ಆಡು ತಿನ್ನೋ ಸೊಪ್ಪು ಬೆಳಿಯೋದಕ ಇಷ್ಟೆಲ್ಲಾ ಸರ್ಕಸ್ಸು," ಎಂದು ಹೇಳಿ ಮೆಟ್ಟಿಲೇರಿದಳು.

ಡಬ್ಬಿ ಅಲ್ಲೇ ಉಳಿಯಿತು.

* * *

ಸಂಜೆ ಡಬ್ಬಿ ಮೇಲೆ ಬಂತು. ತುಂಬ ಪಾಲಕ್!

ತಂದವನು ಬಾಗಿಲಲ್ಲೇ ನಿಂತು, "ಪಾತ್ರೆ ಖಾಲಿ ಕೊಡಬಾರದು ಅಂತ ಅಮ್ಮ ಹೇಳ್ತಾಳೆ," ಎಂದ.

ಈ ಪದ್ಧತಿ ಹುಬ್ಬಳ್ಳಿಯಲ್ಲೂ ಇದೆ. ಹಾಗಾಗಿ ಡಬ್ಬಿ ಶೇಂಗಾ ಚಟ್ನಿಪುಡಿ ತುಂಬಿಕೊಂಡು ಕೆಳಗಿಳಿಯಿತು. ಅದು ಮೆಂತ್ಯ ಹೊತ್ತು ಮರಳಿತು. ಅದಕ್ಕೆ ಪ್ರತಿಯಾಗಿ ಕರದಂಟು... ಒಮ್ಮೆ ಶುರುವಾದ ಮೇಲೆ ನಿಲ್ಲಿಸುವವರು ಯಾರು? ಮೊದಲು ಖಾಲಿ ಕೊಟ್ಟವರು ಮರ್ಯಾದೆಗೆಟ್ಟವರು.

ಸ್ಥಾವರದಲ್ಲಿ ನೀಲಾಂಬಿಕಾಳದ್ದು ನೀರು ಪರೀಕ್ಷೆಯ ಕೆಲಸ. ಪಾಳಿ ಮುಗಿಸಿ ಬಂದವಳು ಮಹಡಿ ಹತ್ತುವ ಮೊದಲು ಹಿತ್ತಿಲಿಗೆ ಹೋಗಿ ಟ್ರೌಟ್ ನೀರನ್ನೂ ಪರೀಕ್ಷಿಸುವುದು ರೂಢಿಯಾಯಿತು. ಕಾರಣ ಕೇಳಿದರೆ, ಹಯವದನ ಪರೀಕ್ಷೆ ಮಾಡುವುದನ್ನು ನೋಡಲಾಗುತ್ತಿರಲಿಲ್ಲ, ಅಷ್ಟೆ!

"ನೀಲಿ ತಾಡಪಾಲಿನ ಕೆಳಗ ನಿಂತು, ನೀರಿನ್ಯಾಗ ಅದ್ದಿದ ಪಟ್ಟಿ ಬಣ್ಣ ನೋಡಿದ್ರ ಏನ್ರಿ ತಿಳಿತೈತಿ? ಎಲ್ಲಾ ಚಲೋನ ಕಾಣತೈತಿ. ಹೊರಗ ಬಿಸಿಲಿಗೆ ಹಿಡೀರಿ!"

"ಬರೋಬರ್ ಮೇಡಂ."

"ಮತ್ತ ಇವತ್ತ ಯಾಕ ಮೀನಿಗೆ ಹಾಕಿಲ್ಲ?"

"ಇವತ್ತು ಏಕಾದಶಿ."

"...ಮೀನಿಗೆ?"

"ಮನೇಲಿ ಎಲ್ರೂ ಉಪವಾಸ ಇರುವಾಗ ಅವಕ್ಕೆ ಹಾಕೋಕೆ ಒಂಥರಾ ಆಗುತ್ತೆ," ಎಂದ ಅವನು, ಬಹಳ ಗಂಭೀರವಾಗಿ.

ಆ ದಿನ ಅವಳು ನಕ್ಕ ನಗುವಿಗೆ ಪಕ್ಕದ ಮನೆಯವರು ಕಾಂಪೌಂಡಿನಿಂದ ಇಣುಕಿದರು. ಮೀನಿಗೆ ಏಕಾದಶಿ ಮಾಡಿಸುವ ಗಂಡಸು! ಬಸ್ಸಿನಲ್ಲಿ ಮೌದಾಕ್ಕೆ ಹೋಗುವಾಗಲೂ ನೆನೆದು ನೆನೆದು ನಕ್ಕಳು. ಪಕ್ಕದಲ್ಲಿದ್ದ ಸಹೋದ್ಯೋಗಿ ನೇಹಾ, "ಯಾರನ್ನೋ ಇಷ್ಟೊಂದು ತಿರಸ್ಕಾರ ಮಾಡೋಳು ಅವನ ಬಗ್ಗೇನೇ ಇಷ್ಟೊಂದು ಮಾತಾಡ್ತೀಯಲ್ಲ?" ಎಂದು ಹಿಂದಿಯಲ್ಲಿ ಚುಚ್ಚಿದಳು.

"ಹುಚ್ಚರ ಬಗ್ಗೆ ಊರೇ ಮಾತಾಡ್ತದೆ," ಎಂದು ನೀಲಾಂಬಿಕಾ ಕಿಟಕಿಯಾಚೆ ಮುಖ ತಿರುಗಿಸಿದಳು. ಮುಖ ಯಾಕೆ ಬೆಚ್ಚಗಾಯಿತು ಎಂದು ನೇಹಾ ಕೇಳಲಿಲ್ಲ, ಪುಣ್ಯಕ್ಕೆ.

ಜುಲೈ ಬಂತು. ಮಳೆ ಬಂದು ಹೋಗಿ ಊರಿಡೀ ಬೇಯಿಸಿದ ಹಾಗಾಯಿತು. ತಟ್ಟಿಗೆ ನೀರು ಹೊಡೆದರೂ ತಂಪಿಲ್ಲ. ಪಾಪದ ಯಂತ್ರ ಹಗಲಿಡೀ ಗೊರಕೆ ಹೊಡೆಯುತ್ತಿತ್ತು.

ಆಗ ಒಂದು ದಿನ ಡಬ್ಬಿಯ ಜೊತೆ ಬುಟ್ಟಿಯೇ ಬಂತು. ಟೊಮ್ಯಾಟೊ, ಪಾಲಕ್, ದೊಣ್ಣೆಮೆಣಸು... ಮರುದಿನವೂ ಬಂತು. ಅದರ ಮರುದಿನವೂ! ಆಮೇಲೊಂದು ಮುಂಜಾನೆ, ಬುಟ್ಟಿಯ ಮೇಲ್ಗಡೆ ಎಳೆಯ, ಮುಳ್ಳುತೊಟ್ಟಿನ, ಬಣ್ಣ ಮಿರಿಮಿರಿ ಹೊಳೆಯುವ ಬದನೆಕಾಯಿಗಳು.

ನೀಲಾಂಬಿಕಾ ಬುಟ್ಟಿಯ ಮುಂದೆ ಕುಳಿತೇ ಬಿಟ್ಟಳು.

'ನಾ ಮೇ ತಿಂಗಳದಾಗ ಅಂದಿದ್ದ ಮಾತು... ನೆನಪಿಟ್ಟಾನ?'

ಅವಳು ಶೇಂಗಾ, ಗುರೆಳ್ಳು ಹುರಿದು, ಮೇಲಷ್ಟು ಬೆಳ್ಳುಳ್ಳಿ ಜಜ್ಜಿ ಎಣ್ಣೆಗಾಯಿ ಮಾಡಿದಳು. ಎಣ್ಣೆ ತೇಲುವಂಥ ಎಣ್ಣೆಗಾಯಿ! ಡಬ್ಬಿ ತುಂಬಿ ಶೆಡ್ಡಿಗೇ ಒಯ್ದು ಕೊಟ್ಟಳು. ಹಯವದನ ಅತ್ತಿತ್ತ ನೋಡಿ ಡಬ್ಬಿಯನ್ನು ಯಂತ್ರದ ಹಿಂದೆ ಇಟ್ಟುಕೊಂಡ. ಕಿವಿ ಕೆಂಪಾಗಿತ್ತು.

ಆಮೇಲೆ ಬದನೆಕಾಯಿ ಬರುತ್ತಲೇ ಇತ್ತು, ಎಣ್ಣೆಗಾಯಿ ಹೋಗುತ್ತಲೇ ಇತ್ತು. ಡಬ್ಬಿ ಮಾತ್ರ ತಿರುಗಿ ಬರುವಾಗ ಫಳಫಳ ತೊಳೆದಿರುತ್ತಿತ್ತು.

ಇದೇ ಹೊತ್ತಿಗೆ ಮೌದಾದ ಕಾಲೊನಿಯಲ್ಲಿ ಅವಳಿಗೊಂದು ಕ್ವಾರ್ಟರ್ಸು ಮಂಜೂರಾಗಿ ಬಂತು. ಹಿಂದೆ ಅವಳೇ ಕಾಡಿ ಬೇಡಿ ಹಾಕಿದ್ದ ಅರ್ಜಿ. ದಿನಾ ಬಸ್ಸಿನ ಗೋಳಿಲ್ಲ, ತಣ್ಣನೆ ಮನೆ. ಆದರೆ ಈಗ... 'ಬ್ಯಾಡ ಅಂದ್ಬಿಡ್ತೀನಿ' ಎಂದುಕೊಂಡಳು. ಉಳಿದವರಿಗೆ ಹೂವು ಬರುತ್ತದೆ, ತನಗೆ ಪಾಲಕ್ ಬರುತ್ತಿದೆ. ಬರಲಿ! ಅವಳಿಗೆ ಮೊದಲ ಬಾರಿಗೆ ನಾಗಪುರ ತನ್ನೂರಿನ ಹಾಗೆ ಕಂಡಿತು.

* * *

ಹಾಗೆ ಕಂಡದ್ದು ಎರಡೇ ದಿನ.

ಮಹಡಿಯ ತಂತಿಗೆ ಬಟ್ಟೆ ಹರವಲು ಬಂದ ಪ್ರೇಮಾ ಆಂಟಿ, ಮೂಲೆಯ ಬುಟ್ಟಿ ನೋಡಿ ಮನಸಾರೆ ಹೇಳಿದರು. "ಹೇಗೋ ಖರ್ಚಾಗ್ತಿದೆಯಲ್ಲಮ್ಮ ನೀಲಾ, ಅದೇ ಸಮಾಧಾನ. ಚಾತುರ್ಮಾಸ ನೋಡು, ಈ ತಿಂಗಳು ನಮಗೆ ಶಾಕವ್ರತ. ತರಕಾರಿ, ಸೊಪ್ಪು ಮುಟ್ಟೋ ಹಾಗಿಲ್ಲ. ಗಿಡಕ್ಕೆ ವ್ರತ ಗೊತ್ತಾಗುತ್ತಾ? ಬಿಡ್ತಾನೇ ಇರುತ್ತೆ! ಪ್ರತಿ ವರ್ಷ ಗೋಶಾಲೆಗೆ ಕಳಿಸ್ತಿದ್ವಿ. ಈ ವರ್ಷ ನೀನಿದ್ದೀಯಲ್ಲ, ಅನುಕೂಲ ಆಯ್ತು."

ನೀಲಾಂಬಿಕಾಳ ಕೈಯಲ್ಲಿದ್ದ ಕ್ಲಿಪ್ಪು ಜಾರಿ ಬಿತ್ತು.

"ಗೋಶಾಲಿಗೆ?"

"ಹೂಂ, ಹಸುಗಳಿಗೆ."

ಬಗ್ಗಿ ಅದನ್ನು ಹೆಕ್ಕಿಕೊಳ್ಳುತ್ತ ಕೇಳಿದಳು. "ಆಂಟಿ... ಮತ್ತ ನಾ ಕಳಿಸಿದ ಎಣ್ಣಿಗಾಯಿ?"

"ಯಾವ ಎಣ್ಣೆಗಾಯಿ?" ಪ್ರೇಮಾ ಆಂಟಿ ಹುಬ್ಬು ಗಂಟಿಕ್ಕಿದರು. "ವ್ರತದಲ್ಲಿ ಬದನೆಕಾಯಿ ಯಾರಮ್ಮ ತಿಂತಾರೆ?"

ಅಯ್ಯೋ! ಪ್ರೀತಿ ಎಂದುಕೊಂಡಿದ್ದಳಲ್ಲ! ಹಸುವಿನ ಪಾಲು ತನಗೆ ಬಂದಿತ್ತು, ತನ್ನ ಎಣ್ಣೆಗಾಯಿ ಪ್ರಾಯಶಃ ಹಸುವಿನ ಪಾಲಾಗಿತ್ತು! ಬೆವರು ಸುರಿಸಿ ಗುರೆಳ್ಳು ಹುರಿದದ್ದು, ಕ್ವಾರ್ಟರ್ಸು ಬೇಡವೆನ್ನಲು ಹೊರಟದ್ದು, ಬಸ್ಸಿನಲ್ಲಿ ತಾನೇ ತಾನಾಗಿ ನಕ್ಕದ್ದು... ಒಂದೊಂದೇ ನೆನಪಾಗಿ ಮೈಯೆಲ್ಲ ಉರಿಯಿತು. ಇಷ್ಟು ದಿನ ಅವನನ್ನು ತಿರಸ್ಕರಿಸಿದ್ದಳು. ಈಗ ಅದರ ನಾಲ್ಕರಷ್ಟು ತನ್ನನ್ನೇ ತಿರಸ್ಕರಿಸಿಕೊಂಡಳು.

ಸಂಜೆ ಡಬ್ಬಿ ತೆಗೆದುಕೊಂಡು ಹಿತ್ತಿಲಿಗೆ ಹೋದಳು. ಹಯವದನ ಕೈಚಾಚಿ ಈಸಿಕೊಂಡವನು ಹಗುರವೆನಿಸಿ ಮುಚ್ಚಳ ತೆಗೆದ.

"ಖಾಲಿ...?"

"ಹೌದು. ಖಾಲಿ."

"ನಾನೇನಾದ್ರೂ ತಪ್ಪು..."

ಅವಳು ಕೊನೆಯ ಅವಕಾಶ ಕೊಟ್ಟಳು. ಪಾಪ, ಸಿಟ್ಟಿನಲ್ಲೂ ನ್ಯಾಯ ಬಿಡದ ಹುಡುಗಿ. "ಒಂದ ಮಾತು ಹೇಳ್ರಿ. ಎಣ್ಣಿಗಾಯಿ ಹ್ಯಾಂಗಿತ್ತು?"

ಅವನ ಬಾಯಿ ತೆರೆಯಿತು. ಅಷ್ಟರಲ್ಲಿ ತುಳಸಿಕಟ್ಟೆಯ ಬಳಿ ದೀಪ ಹಿಡಿದು ನಿಂತಿದ್ದ ಅಮ್ಮ ಇತ್ತ ತಿರುಗಿದರು. ಹಯವದನ ಅಮ್ಮನನ್ನು ನೋಡಿದ, ನೀಲಾಂಬಿಕಾಳನ್ನು ನೋಡಿದ, ತೊಟ್ಟಿಯೊಳಗಿನ ಮೀನನ್ನೂ ನೋಡಿದ.

"ಯಾ... ಯಾವ ಎಣ್ಣೆಗಾಯಿ?"

ಸಾಕಾಯಿತು!

"ನಿಮ್ಮ ಮೀನು, ನಿಮ್ಮ ವ್ರತ, ನಿಮ್ಮ ಆಕಳು," ಎಂದಳು ಅವಳು ಹಲ್ಲು ಕಚ್ಚಿ. "ನಡುವ ನಾ ಯಾಕ್ರಿ?"

ಮರುದಿನವೇ ಕ್ವಾರ್ಟರ್ಸಿಗೆ ಒಪ್ಪಿಗೆ ಕೊಟ್ಟಳು. ನೀರು ಪರೀಕ್ಷೆ ನಿಂತಿತು, ಡಬ್ಬಿಯೂ ನಿಂತಿತು. ಬುಟ್ಟಿ ಬಾಗಿಲಿಗೆ ಬಂದರೆ ಹಾಗೆಯೇ ಮೆಟ್ಟಿಲ ಮೇಲೆ ಬಾಡುತ್ತಿತ್ತು. ಸುದ್ದಿ ತಿಳಿದ ಹಯವದನ ಒಂದು ಸಂಜೆ ಅರ್ಧ ಮೆಟ್ಟಿಲು ಹತ್ತಿ ನಿಂತ.

"ಮೌದಾಕ್ಕೆ ಹೋಗ್ತೀರಂತೆ?"

"ಹೂಂ."

"ಯಾಕೆ?"

"ಅಲ್ಲಿ ಮೀನಿಲ್ಲ."

ಅವನು ಉಳಿದ ಅರ್ಧ ಮೆಟ್ಟಿಲು ಹತ್ತಬಹುದಿತ್ತು. ಇಂಥ ಗಂಡಸರಿಗೆ ಕಂಪ್ರೆಸರಿನ ಕಾಯಿಲೆ ಕೂಡಲೇ ತಿಳಿಯುತ್ತದೆ, ಎದುರಿಗಿದ್ದವಳ ಕಣ್ಣು ಯಾಕೆ ಕೆಂಪಾಗಿದೆ ಎನ್ನುವುದು ತಿಳಿಯುವುದಿಲ್ಲ. ತಲೆ ತಗ್ಗಿಸಿ ಇಳಿದುಹೋದ.

* * *

ಹೊರಡುವ ದಿನ ಬಂತು. ಬಾಗಿಲಲ್ಲಿ ಟೆಂಪೋ ನಿಂತಿತ್ತು. ಹಯವದನ ಡ್ಯೂಟಿಗೆ ಹೋಗಿದ್ದ. ಬೇಕೆಂದೇ ಹೋಗಿದ್ದ ಎನ್ನುವುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ಮಂಚ ಏರಿಸಿ, ಕೂಲರ್ ಕಟ್ಟುವಷ್ಟರಲ್ಲಿ ಹಿತ್ತಿಲಿನಿಂದ ಕೂಗು ಕೇಳಿತು.

"ನೀಲಾ! ನೀಲಾ! ಬಾರಮ್ಮ, ಮೀನು ಹಾರಿ ಹಾರಿ ಬೀಳ್ತಿವೆ! ಹಯನ ಫೋನು ಸಿಗ್ತಿಲ್ಲ!"

'ಸಾಯಲಿ!' ಎಂದುಕೊಂಡಳು. 'ನಾಗಪುರದಾಗ ಬದುಕಂತ ಅವಕ್ಕ ಹೇಳಿದವ್ರ್ಯಾರು?'

ಹಾಗೆ ಅಂದುಕೊಳ್ಳುತ್ತಲೇ ಓಡಿದಳು.

ಹಿತ್ತಿಲೆಲ್ಲ ಕೆಸರು. ಕೊನೆಯ ಮಡಿ, ಅಂದರೆ ಬದನೆ ಗಿಡಗಳ ಮಡಿ, ಉಕ್ಕಿ ಹರಿಯುತ್ತಿತ್ತು. ತೊಟ್ಟಿಯ ನೀರು ಮೊಣಕಾಲಿನ ಮಟ್ಟಕ್ಕೆ ಇಳಿದಿತ್ತು. ಪಂಪು ನೀರನ್ನು ಮೇಲಕ್ಕೆ ತಳ್ಳುತ್ತಿದೆ, ಆದರೆ ನೀರು ವಾಪಸು ಬರುತ್ತಿಲ್ಲ. ಕೆಳಗೆ ಮೀನುಗಳು ಒಂದರ ಮೇಲೊಂದು ಬಿದ್ದು ಬಾಯಿ ಬಿಡುತ್ತಿದ್ದವು. ಗಬ್ಬು ವಾಸನೆ ಬೇರೆ.

ಪಂಪು ನಿಲ್ಲಿಸಿದಳು. ಡ್ರಮ್ಮಿನಲ್ಲಿ ಶೇಖರಿಸಿಟ್ಟಿದ್ದ ಬಾವಿನೀರನ್ನು ಇಬ್ಬರೂ ಬಕೆಟ್ಟಿನಲ್ಲಿ ಮೊಗೆಮೊಗೆದು ತೊಟ್ಟಿಗೆ ಸುರಿದರು. ಮತ್ತೆ ಕುಕ್ಕರು, ಮತ್ತೆ ಮಂಜುಗಡ್ಡೆ. ಗಾಳಿ ಊದುವ ಕೊಳವೆ ಒಳಗಿಳಿಸಿದ ಮೇಲೆ ಮೀನುಗಳು ಒಂದೊಂದಾಗಿ ನೆಟ್ಟಗಾದವು.

"ಕೊಳವಿ ಕಟ್ಟೈತಿ," ಎಂದು ಅವಳು ತೋಳು ಮಡಚಿ ಬದನೆ ಮಡಿಯ ಜಲ್ಲಿಯೊಳಗೆ ಕೈ ತುರುಕಿದಳು.

ಏನೋ ಸಿಕ್ಕಿತು. ಎಳೆದಳು.

ಬದನೆಕಾಯಿಯ ತೊಟ್ಟು.

ಗಿಡದಿಂದ ಬಿದ್ದದ್ದಲ್ಲ. ಬೆಂದ ತೊಟ್ಟು! ಮತ್ತೆ ಕೈ ಹಾಕಿದಳು. ಇನ್ನೊಂದು... ಇನ್ನಷ್ಟು... ಹಿಡಿ ಹಿಡಿ ತೊಟ್ಟು! ಎಲ್ಲವನ್ನೂ ನೀಟಾಗಿ ಚೀಪಿ, ಜಲ್ಲಿಯ ಆಳದಲ್ಲಿ ಹೂತಿಡಲಾಗಿತ್ತು. ಕೊಳವೆಯ ಬಾಯಿಗೆ ಶೇಂಗಾಪುಡಿ ಮೆತ್ತಿಕೊಂಡಿತ್ತು. ನೀರಿನ ಮೇಲೆ ಎಣ್ಣೆಯ ಪದರ. ಆ ಗಬ್ಬಿನ ನಡುವೆಯೂ ಗುರುತು ಹತ್ತುವ ವಾಸನೆ... ಹುರಿದ ಗುರೆಳ್ಳು, ಬೆಳ್ಳುಳ್ಳಿ.

ನೀಲಾಂಬಿಕಾ ಕೆಸರಿನಲ್ಲೇ ಕುಳಿತಳು. ಕಣ್ಣು ತುಂಬಿ ಬಂತು.

'ತಿಂದಾನ... ಒಂದೂ ಬಿಡದ ತಿಂದಾನ!'

ಪ್ರೇಮಾ ಆಂಟಿ ತೊಟ್ಟುಗಳನ್ನು ನೋಡಿದರು, ಮೂಸಿ ನೋಡಿದರು, ಕೊನೆಗೆ ಹಣೆ ಚಚ್ಚಿಕೊಂಡರು.

"ನನಗೆ ಅನುಮಾನ ಇತ್ತು ಕಣೆ! ಶಾಕವ್ರತದಲ್ಲಿ ಬಾಯಲ್ಲಿ ಬೆಳ್ಳುಳ್ಳಿ ವಾಸನೆ ಹೇಗೆ ಬರುತ್ತೆ? ಮೀನಿಗೆ ಏಕಾದಶಿ ಮಾಡಿಸೋ ಮಹಾನುಭಾವ, ತಾನು ಶೆಡ್ಡಿನಲ್ಲಿ ಕೂತು ಬದನೆಕಾಯಿ ತಿಂದಿದ್ದಾನೆ! ಕಸದಬುಟ್ಟಿಗೆ ಹಾಕಿದ್ರೆ ನಾನು ನೋಡ್ತೀನಿ ಅಂತ ಇಲ್ಲಿ ಹೂತಿದ್ದಾನೆ!"

"ಆಂಟಿ... ನಾ ಕಳಿಸಬಾರದಿತ್ತು. ನಿಮ್ಮ ವ್ರತ ನನಗ ಗೊತ್ತಿರಲಿಲ್ಲ."

"ನಿನಗೆ ಗೊತ್ತಿರಲಿಲ್ಲ. ಅವನಿಗೆ ಗೊತ್ತಿತ್ತಲ್ಲ!" ಪ್ರೇಮಾ ಆಂಟಿ ಕಟ್ಟೆಯ ಮೇಲೆ ಕುಳಿತು ಸೆರಗಿನಿಂದ ಗಾಳಿ ಹಾಕಿಕೊಂಡರು. ಸಿಟ್ಟು ಸ್ವಲ್ಪ ಇಳಿಯಿತು. "ಸಸಿ ನೆಡುವಾಗಲೇ ಹೇಳ್ದೆ. ಇವು ಕಾಯಿ ಬಿಡೋ ಹೊತ್ತಿಗೆ ಶಾಕವ್ರತ ಬರುತ್ತೆ ಕಣೋ, ಬದನೆ ಯಾಕೆ, ಬೇರೆ ಏನಾದ್ರೂ ಹಾಕು ಅಂತ. ತಣ್ಣೀರು ಬದನೆಗೆ ಆಗಲ್ಲ ಅಂತ ಬಿಸಿಲಿರೋ ಕಡೆ ಮಡಿ ಬೇರೆ ಮಾಡ್ದ. ಆ ನೀರು ಬಿಸಿಯಾಗಿ ಮೀನಿಗೇ ಕಷ್ಟ ಅಲ್ವೇನೋ ಅಂದ್ರೆ, 'ಗೊತ್ತು' ಅಂದ. ಯಾರಿಗೋ ಅಂದ್ರೆ, ಬಾಯೇ ಬಿಡಲಿಲ್ಲ."

ನೀಲಾಂಬಿಕಾ ಬಿಸಿಲಿನಲ್ಲಿದ್ದ ಬದನೆ ಮಡಿಯತ್ತ ತಿರುಗಿದಳು. ನಾಗಪುರದ ಬೇಸಿಗೆಯನ್ನೇ ಎದುರಿಸಿ ಉಳಿಸಿಕೊಂಡಿದ್ದ ನೀರು. ಆ ನೀರನ್ನು ಅವನು ಅವಳ ಒಂದು ಕೊಂಕು ಮಾತಿಗಾಗಿ ಬಿಸಿಲಿಗೆ ಬಿಟ್ಟಿದ್ದ.

* * *

ಕೊನೆಗೂ ಅಮ್ಮನ ಫೋನು ಸಿಕ್ಕಿ, ಮಧ್ಯಾಹ್ನ ಹಯವದನ ಓಡುತ್ತಲೇ ಬಂದ. ಗೇಟಿನಲ್ಲಿ ಟೆಂಪೋ ಇನ್ನೂ ನಿಂತದ್ದು ಕಂಡು ಎಡವಿದ.

ತೊಟ್ಟಿಯ ಪಕ್ಕದಲ್ಲಿ ನೀಲಾಂಬಿಕಾ ನಿಂತಿದ್ದಳು. ಮೈಯೆಲ್ಲ ಕೆಸರು. ಕೈಯಲ್ಲಿ, ಶೆಡ್ಡಿನಲ್ಲೇ ಉಳಿದಿದ್ದ ಅದೇ ಸ್ಟೀಲ್ ಡಬ್ಬಿ.

"ಮೀನು...?"

"ಅದಾವು. ನಿಮ್ಮಂಗ ಗಟ್ಟಿ ಪಿಂಡ." ಡಬ್ಬಿ ಮುಂದೆ ಚಾಚಿದಳು. "ಹಿಡೀರಿ. ಅವತ್ತ ಖಾಲಿ ಕೊಟ್ಟಿದ್ದೆ. ಖಾಲಿ ಕೊಡಬಾರದಂತಲ್ಲ?"

ಅವನು ಮುಚ್ಚಳ ತೆಗೆದ. ತೊಟ್ಟು! ಡಬ್ಬಿಯ ಕಂಠದವರೆಗೆ ತೊಟ್ಟು!

ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಈ ಬದನೆಕಾಯಿ ಕಳ್ಳ ಬಾಯಿ ಒರೆಸಿಕೊಂಡ!

"ನಾನು... ಜಲ್ಲಿಗೆ ಬಿಟ್ಟ ಎರೆಹುಳ ತಿಂದುಹಾಕ್ತವೆ ಅಂದ್ಕೊಂಡೆ..."

"ಹುಚ್ಚಪ್ಪಾ! ಅಷ್ಟು ಎಣ್ಣಿ, ಮಸಾಲಿ ಹೂತಿಟ್ರ ನೀರು ಕೊಳಿಯಂಗಿಲ್ಲೇನು? ಪರೀಕ್ಷೆ ಮಾಡಲಿಲ್ಲ?"

"ಮಾಡ್ದೆ. ಎಲ್ಲ ಚೆನ್ನಾಗೇ ಕಾಣ್ತು."

"ಎಲ್ಲಿ ನಿಂತು ನೋಡಿದ್ರಿ?"

ಅವನು ಮೇಲೆ ನೋಡಿದ. ನೀಲಿ ತಾಡಪಾಲು ಗಾಳಿಗೆ ಪಟಪಟನೆ ಹೊಡೆದುಕೊಂಡಿತು.

ಅವಳಿಗೆ ನಗು, ಅಳು ಎರಡೂ ಒಟ್ಟಿಗೇ ಬಂದವು. "ಅವತ್ತ ಯಾಕ 'ಯಾವ ಎಣ್ಣಿಗಾಯಿ' ಅಂದ್ರಿ? ನನಗೆಷ್ಟು... ಎಷ್ಟು ನೋವಾತು ಗೊತ್ತೈತೇನು? ಆಕಳಿಗೆ ಹಾಕೋದನ್ನ ನನಗ ಹಾಕಾಕತ್ತೀರಿ ಅಂತ ತಿಳಕೊಂಡೆ. ನಾ ಮಾಡಿದ್ದನ್ನ ಚೆಲ್ಲೀರಿ ಅಂತ ತಿಳಕೊಂಡೆ!"

"ಚೆಲ್ಲೋದಾ?" ಅವನು ಡಬ್ಬಿಯನ್ನು ಎದೆಗೊತ್ತಿಕೊಂಡ. "ಮೊದಲ ದಿನ ರುಚಿ ನೋಡೋಣ ಅಂತ ಒಂದು ತಿಂದೆ. ಆಮೇಲೆ... ವ್ರತ, ಅಮ್ಮ, ಬೆಳ್ಳುಳ್ಳಿ ಎಲ್ಲ ಗೊತ್ತಿತ್ತು. ಆದ್ರೆ ನೀವು ಕೈಯಾರೆ ಮಾಡಿದ್ದು. ಬಿಡೋಕೆ ಆಗ್ಲಿಲ್ಲ. ಅಮ್ಮನ ಎದುರು ಹೇಳೋಕೆ ಹೆದರಿದೆ. ಹೆದರುಪುಕ್ಕ ಅನ್ನಿ, ಒಪ್ಕೋತೀನಿ. ಆದ್ರೆ ಹಸುವಿನ ಪಾಲು ಅನ್ಬೇಡಿ. ಆ ಬದನೆ ನಿಮಗೇ ಅಂತ ನೆಟ್ಟಿದ್ದು."

"ಬಾಯಿ ಬಿಟ್ಟು ಹೇಳಾಕ ಏನಾಗಿತ್ತು?"

"ನೀವು ದಿನಾ ಬೈತಿದ್ರಿ... ನಿಮಗೆ ನಾನಂದ್ರೆ ತಾತ್ಸಾರ ಅಂದ್ಕೊಂಡೆ."

"ಹೌದು, ತಾತ್ಸಾರನ!" ಅವಳು ಕಣ್ಣು ಒರೆಸಿಕೊಂಡಳು. ಕೆಸರು ಕೆನ್ನೆಗೆ ಹತ್ತಿತು. "ನಾಗಪುರದಾಗ ಟ್ರೌಟ್ ಸಾಕೋ ಮನಶ್ಯಾನ್ನ ಕಂಡ್ರ ಮತ್ತೇನು ಮಾಡಬೇಕು? ಆದ್ರ ದಿನಾ ಮುಂಜಾನೆ ಪಾಳಿ ಮುಗಿಸಿ, ನಿದ್ದಿ ಬಿಟ್ಟು ಬಂದು ಬೈಯಾಕ ನನಗ ಬ್ಯಾರೆ ಯಾರೂ ಇಲ್ಲ. ಇದು ತಿಳಿಯಂಗಿಲ್ಲೇನು ನಿಮಗ?"

ಹಯವದನನಿಗೆ ಈ ಸಲ ತಿಳಿಯಿತು. ಡಬ್ಬಿ ಕೆಳಗಿಟ್ಟು ಅವಳ ಕೈ ಹಿಡಿದ. ಬೆಳಿಗ್ಗೆಯಿಂದ ಮಂಜುಗಡ್ಡೆಯ ನೀರಿನಲ್ಲಿದ್ದ ಕೈ ತಣ್ಣಗಿತ್ತು. ಈ ಬಾರಿ ಅವಳು ತಣ್ಣೀರಿನ ನೆಪ ಹೇಳಿಕೊಳ್ಳಲಿಲ್ಲ.

"ಬೈಯೋಕೆ ಇಲ್ಲೇ ಇರ್ತೀರಾ? ಯಾವಾಗ್ಲೂ?"

ಅವಳು ಉತ್ತರಿಸುವ ಮೊದಲೇ ಅಡುಗೆಮನೆಯ ಕಿಟಕಿಯಿಂದ ಪ್ರೇಮಾ ಆಂಟಿಯ ದನಿ ಕೇಳಿತು. "ಇರಲಿ ಬಿಡು! ಆದ್ರೆ ಬೆಳ್ಳುಳ್ಳಿ ಮಾತ್ರ ಮಹಡಿ ಮೇಲೇ ಇರಬೇಕು, ಹೇಳಿದ್ದೀನಿ! ಮತ್ತೆ ನೀನು, ಹಯಾ, ಮುಂದಿನ ಏಕಾದಶಿಗೆ ನಿನ್ನ ಮೀನಿನ ಜೊತೆ ನೀರೂ ಕುಡಿಯದೆ ಕೂತ್ಕೋ!"

ಇಬ್ಬರೂ ಬೆಚ್ಚಿ ಕೈ ಬಿಟ್ಟರು. ಮತ್ತೆ ಹಿಡಿದುಕೊಂಡರು.

ಗೇಟಿನಲ್ಲಿ ಟೆಂಪೋದವನು ಬೇಸತ್ತು ಹಾರ್ನ್ ಬಾರಿಸಿದ. ಅವಳ ಮಂಚ ಇನ್ನೂ ಅದರ ಮೇಲೇ ಇತ್ತು.

"ಸಾಮಾನು ಇಳಿಸ್ತೀನಿ," ಎಂದ ಹಯವದನ. ಮುಖ ಅರಳಿತ್ತು. "ಪಾಪ, ಅವನು ಬೆಳಿಗ್ಗೆಯಿಂದ ಕಾದಿದ್ದಾನೆ. ಏನಂತ ಹೇಳಿ ವಾಪಸ್ ಕಳಿಸ್ಲಿ?"

ನೀಲಾಂಬಿಕಾ ಮಡಿಗಳತ್ತ ನೋಡಿದಳು. ವ್ರತ ಮುಗಿಯಲು ಇನ್ನೂ ದಿನವಿತ್ತು. ಪಾಲಕ್ ದಟ್ಟವಾಗಿ ಬೆಳೆದು ನಿಂತಿತ್ತು.

"ಖಾಲಿ 'ಹೋಗು' ಅನ್ನಬಾರದ್ರಿ," ಎಂದಳು. "ಪಾಲಕ್ ತುಂಬಿ ಕಳಿಸ್ರಿ."

"ಎಲ್ಲಾನೂ?"

"ಬದನಿಕಾಯಿ ಬಿಟ್ಟು."